ನೀರು ನುಗ್ಗಿಸಿದರೂ ಎಣ್ಣೆ ಯಾಕೆ ಕಲ್ಲಲ್ಲೇ ಉಳಿಯುತ್ತದೆ?

ಪ್ರಶ್ನೆ: ಭೂಮಿಯೊಳಗಿನ ಕಚ್ಚಾ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಉಳಿದುಬಿಡುತ್ತದೆ ಎಂದು ಓದಿದೆ. ನೀರು ನುಗ್ಗಿಸಿದರೆ ಎಲ್ಲ ಹೊರಗೆ ಬರಬೇಕಲ್ವಾ? ಇದನ್ನು ಗಾಜಿನ ಚಿಪ್‌ನಲ್ಲಿ ಪರೀಕ್ಷೆ ಮಾಡುತ್ತಾರಂತೆ, ಹೇಗೆ?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಬೀದರ್

ಉತ್ತರ: ನಿಮ್ಮೂರಿನ ಜಂಬಿಟ್ಟಿಗೆ ಕಲ್ಲನ್ನೇ ನೋಡಿ. ಮಳೆನೀರು ಅದರ ತೂತುಗಳಲ್ಲಿ ಇಳಿದು, ಕೆಳಗಿನ ಕಪ್ಪು ಕಲ್ಲಿಗೆ ತಡೆದು ನಿಂತು, ನೌಬಾದಿನ ಸುರಂಗ ಬಾವಿಗೆ ಜಿನುಗುತ್ತದೆ. ಎಣ್ಣೆಯೂ ಹೀಗೇ ಕಲ್ಲಿನ ತೂತುಗಳಲ್ಲಿ ಇರುತ್ತದೆ. ಆದರೆ ಆ ತೂತುಗಳನ್ನು ಜೋಡಿಸುವ ದಾರಿಗಳು ಬಹಳ ಕಡೆ ಕೆಲವೇ ಮೈಕ್ರಾನ್ ಅಗಲ, ಕೂದಲೆಳೆಗಿಂತ ಎಷ್ಟೋ ಸಣ್ಣವು.

ತೊಡಕು ಇರುವುದೇ ಅಲ್ಲಿ. ನೀರು ಸುಲಭದ ದಾರಿ ಹಿಡಿದು ಮುಂದೆ ಓಡುತ್ತದೆ. ಹಿಂದೆ ಉಳಿದ ಎಣ್ಣೆ ಚೂರುಚೂರಾಗಿ ಸಿಕ್ಕಿಕೊಳ್ಳುತ್ತದೆ. ಅಷ್ಟು ಇಕ್ಕಟ್ಟಿನಲ್ಲಿ ಆ ಹನಿಗಳನ್ನು ಹಿಡಿದಿಡುವ ಕ್ಯಾಪಿಲರಿ ಬಲದ (ಎಣ್ಣೆ–ನೀರು ಸೇರುವ ಮೇಲ್ಮೈಯ ಎಳೆತದಿಂದ ಸಣ್ಣ ದಾರಿಗಳಲ್ಲಿ ಹುಟ್ಟುವ ಬಲ) ಮುಂದೆ ಹರಿಯುವ ನೀರಿನ ತಳ್ಳುವಿಕೆ ಏನೇನೂ ಸಾಲದು.

ಕಲ್ಲಿನೊಳಗೆ ಇದು ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಕಲ್ಲಿನ ತೂತುಗಳ ಜಾಲವನ್ನು ಗಾಜಿನ ಮೇಲೆ ಕೊರೆದು, ಇನ್ನೊಂದು ಗಾಜು ಮುಚ್ಚಿ, ಎಣ್ಣೆ ತುಂಬಿ, ಆಮೇಲೆ ನೀರು ಬಿಡುತ್ತಾರೆ. ಸೂಕ್ಷ್ಮದರ್ಶಕದ ಕೆಳಗೆ ಒಂದೊಂದು ಹನಿ ಎಲ್ಲಿ ನಿಂತಿತು, ಯಾಕೆ ನಿಂತಿತು ಎಂದು ನೇರವಾಗಿ ಕಾಣುತ್ತದೆ. ಮ್ಯಾಟಾಕ್ಸ್ ಮತ್ತು ಕೈಟ್ ಎಂಬ ಸಂಶೋಧಕರು 1961ರಲ್ಲೇ ಕೊರೆದ ಗಾಜಿನಲ್ಲಿ ಇದನ್ನು ತೋರಿಸಿದ್ದರು. ಈಗ ಕೊರೆಯುವ ತಂತ್ರ ತುಂಬಾ ನಯವಾಗಿದೆ. ನಿಜವಾದ ಕಲ್ಲಿನ ತುಂಡಿನಲ್ಲಿ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಹಿಡಿಯುವ ಪರೀಕ್ಷೆ ಇಲ್ಲಿ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ.

ಇದರಿಂದ ಲಾಭ ಏನು? ನೀರಿಗೆ ಏನು ಬೆರೆಸಬೇಕು ಎಂದು ಬೇಗ ಗೊತ್ತಾಗುತ್ತದೆ. ಸೋಪಿನಂಥ ಸರ್ಫಾಕ್ಟಂಟ್ ಹಾಕಿದರೆ ಎಣ್ಣೆ–ನೀರು ಸೇರುವ ಮೇಲ್ಮೈಯ ಆ ಎಳೆತ ಸಾವಿರಾರು ಪಟ್ಟು ಇಳಿಯಬಹುದು, ಸಿಕ್ಕಿಬಿದ್ದ ಹನಿ ಜಾರುತ್ತದೆ. ಪಾಲಿಮರ್ (ಉದ್ದ ಸರಪಳಿಯಂಥ ಅಣುಗಳ ವಸ್ತು) ಹಾಕಿದರೆ ನೀರು ಮಂದವಾಗಿ, ಎಣ್ಣೆಯನ್ನು ಬಿಟ್ಟು ಮುಂದೆ ಓಡುವುದು ಕಮ್ಮಿಯಾಗುತ್ತದೆ. ರಾಜಸ್ಥಾನದ ಬಾಡಮೇರ್‌ನಲ್ಲಿ 2004ರಲ್ಲಿ ಸಿಕ್ಕ ಮಂಗಳಾ ನಿಕ್ಷೇಪದಲ್ಲಿ ಪಾಲಿಮರ್ ನೀರನ್ನು ದೊಡ್ಡ ಮಟ್ಟದಲ್ಲೇ ಬಳಸುತ್ತಿದ್ದಾರೆ.

ಆದರೆ ಚಿಪ್ ತೋರಿಸಿದ್ದನ್ನೆಲ್ಲ ಹಾಗೇ ನಂಬಬೇಡಿ ಎಂದು ಒತ್ತಿ ಹೇಳುತ್ತೇನೆ. ಶುದ್ಧ ಗಾಜಿಗೆ ನೀರು ಇಷ್ಟ. ಸುಣ್ಣಕಲ್ಲಿನ ನಿಕ್ಷೇಪಗಳಲ್ಲಿ ಬಹಳ ಕಡೆ ಕಲ್ಲಿಗೆ ಎಣ್ಣೆಯೇ ಅಂಟಿರುತ್ತದೆ. ಅರಬ್ಬಿ ಸಮುದ್ರದ ಮುಂಬೈ ಹೈ ನಿಕ್ಷೇಪದ ಎಣ್ಣೆಯೂ ಸುಣ್ಣಕಲ್ಲಿನಲ್ಲೇ ಇದೆ. ಇಂಥ ಕಡೆಗೆ ಬರೀ ಗಾಜಿನ ಫಲಿತಾಂಶ ದಾರಿ ತಪ್ಪಿಸಬಹುದು. ಅದಕ್ಕೇ ಕೆಲವರು ಚಿಪ್‌ನೊಳಗೆ ಸುಣ್ಣಕಲ್ಲಿನ ಮುಖ್ಯ ಖನಿಜವಾದ ಕ್ಯಾಲ್ಸೈಟ್ ಹರಳು ಬೆಳೆಸುತ್ತಾರೆ. ಜೊತೆಗೆ ಚಿಪ್ ಚಪ್ಪಟೆ. ಕಲ್ಲಿನಲ್ಲಿ ದಾರಿಗಳು ಮೇಲೆ ಕೆಳಗೂ ಹೋಗುತ್ತವೆ. ಚಿಪ್‌ನಲ್ಲಿ ಗೆದ್ದ ದ್ರವವನ್ನು ಆಮೇಲೆ ನಿಜವಾದ ಕಲ್ಲಿನಲ್ಲಿ ಪರೀಕ್ಷಿಸಲೇಬೇಕು.

ಪ್ರಾಜೆಕ್ಟ್ ಮಾಡುವ ಆಸೆ ಇದ್ದರೆ ಪಿಡಿಎಂಎಸ್ ಎಂಬ ಸಿಲಿಕೋನ್ ರಬ್ಬರಿನ ಚಿಪ್ ಅಗ್ಗ. ಆದರೆ ಅದು ಪೆಟ್ರೋಲ್, ಸೀಮೆಎಣ್ಣೆಯಂಥ ಹಗುರ ಹೈಡ್ರೋಕಾರ್ಬನ್ ಹೀರಿ ಊದಿಕೊಳ್ಳುತ್ತದೆ, ಹಾಗಾಗಿ ಅಡುಗೆ ಎಣ್ಣೆ ಬಳಸಿ. ಮೊದಲು ಎಣ್ಣೆ ತುಂಬಿ ಬಣ್ಣದ ನೀರು ಬಿಡಿ. ಮತ್ತೆ ಎಣ್ಣೆ ತುಂಬಿ, ಅದೇ ವೇಗದಲ್ಲಿ ಸೋಪಿನ ನೀರು ಬಿಡಿ. ಎರಡೂ ವಿಡಿಯೊಗಳಲ್ಲಿ ಉಳಿದ ಎಣ್ಣೆಯ ಜಾಗವನ್ನು ಅಳೆದು ಹೋಲಿಸಿ.