ಫೈಬರ್ ಬೇಗ ಮಿನುಗಬೇಕು, ಬೆಳಕೂ ಕಡಿಮೆಯಾಗಬಾರದು

ಪ್ರಶ್ನೆ: ಕಣಗಳನ್ನು ಪತ್ತೆಹಚ್ಚುವ ಸಿಂಟಿಲೇಟಿಂಗ್ ಫೈಬರ್‌ಗಳು (ಕಣ ಹಾದಾಗ ಮಿನುಗುವ ಪ್ಲಾಸ್ಟಿಕ್ ಎಳೆಗಳು) ಮಿನುಗೋದು ಸುಮಾರು 3 ನ್ಯಾನೋಸೆಕೆಂಡಂತೆ, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಮೂರು ಪಾಲು. ಅದೇ ಸಾಲದೇ? ಇನ್ನೂ ನಿಖರವಾದ ಸಮಯ ಬೇಕಿದ್ದರೆ ಎಲೆಕ್ಟ್ರಾನಿಕ್ಸ್ ಸುಧಾರಿಸಿದರೆ ಆಗಲ್ವಾ?

ಉತ್ತರ: ಆಗಲ್ಲ. ತಡ ಆಗೋದು ಪ್ಲಾಸ್ಟಿಕ್ಕಿನ ಒಳಗೆ.

ಯುರೋಪಿನ ಕಣಭೌತ ಪ್ರಯೋಗಾಲಯ ಸೆರ್ನ್‌ನ ಎಲ್‌ಎಚ್‌ಸಿಬಿ ಪ್ರಯೋಗದ ಫೈಬರನ್ನೇ ನೋಡಿ. ದಪ್ಪ ಕಾಲು ಮಿಲಿಮೀಟರ್, ಎಲ್ಲ ಸೇರಿಸಿದರೆ ಉದ್ದ 10,000 ಕಿಲೋಮೀಟರಿಗೂ ಜಾಸ್ತಿ. ಅದಕ್ಕೆ ಹೇಳುವ 2.8 ನ್ಯಾನೋಸೆಕೆಂಡ್ ಬೆಳಕು ಪೂರ್ತಿ ಆರುವ ಸಮಯ ಅಲ್ಲ, ಶೇ. 37ಕ್ಕೆ ಇಳಿಯುವ ಸಮಯ. ಒಂದು ಕಣ ಅಡ್ಡ ಹಾದಾಗ ಕೆಲವು ನೂರು ಫೋಟಾನ್ (ಬೆಳಕಿನ ಕಣ) ಹುಟ್ಟುತ್ತವೆ, ಅದರಲ್ಲಿ ಒಂದು ತುದಿಯ ಕಡೆ ಸಾಗೋದು ನೂರಕ್ಕೆ ಐದರಷ್ಟು, ದಾರಿಯಲ್ಲಿ ಒಂದಷ್ಟು ಪ್ಲಾಸ್ಟಿಕ್ಕೇ ಹೀರಿಕೊಳ್ಳುತ್ತದೆ, ಉಳಿದದ್ದನ್ನೂ ಸೆನ್ಸರ್ ಪೂರ್ತಿ ಹಿಡಿಯಲ್ಲ. ಕೊನೆಗೆ ಸಿಗೋದು ಬೆರಳೆಣಿಕೆಯಷ್ಟು. ಕಣ ಯಾವಾಗ ಬಂತು ಅಂತ ಇವುಗಳಲ್ಲಿ ಮೊದಲು ತಲುಪಿದ ಫೋಟಾನ್ ನೋಡಿ ಹೇಳಬೇಕು. ಅದು ತಕ್ಷಣ ಹೊರಟಿತ್ತೋ, ಒಂದು ನ್ಯಾನೋಸೆಕೆಂಡ್ ಬಿಟ್ಟು ಹೊರಟಿತ್ತೋ, ಯಾವ ಸರ್ಕ್ಯೂಟಿಗೂ ಗೊತ್ತಾಗಲ್ಲ.

ಯಾಕೆ ತಡ? ಕಣ ಕೊಟ್ಟ ಶಕ್ತಿ ಮೊದಲು ಫೈಬರಿನ ಪ್ಲಾಸ್ಟಿಕ್ಕಾದ ಪಾಲಿಸ್ಟೈರೀನ್‌ಗೆ ಹೋಗುತ್ತದೆ. ಅಲ್ಲಿಂದ ಅದರಲ್ಲಿ ಬೆರೆಸಿದ ಒಂದು ಡೈಗೆ (ಬೆಳಕು ಬಿಡುವ ಬಣ್ಣದ ಅಣುವಿಗೆ). ಆ ಡೈ ನೇರಳಾತೀತ ಬೆಳಕು ಬಿಡುತ್ತದೆ, ಅದನ್ನು ಇನ್ನೊಂದು ಡೈ ಹೀರಿ ನೀಲಿ ಬೆಳಕಾಗಿ ಹೊರಬಿಡುತ್ತದೆ. ಪ್ರತಿ ಹಂತದಲ್ಲೂ ಒಂದಿಷ್ಟು ಕಾಯಬೇಕು.

ಬೇಗ ಆರುವ ಹಾಗೆ ಮಾಡೋದು ಕಷ್ಟವೇನಲ್ಲ, ಮಿನುಗನ್ನು ತಣಿಸುವ ರಾಸಾಯನಿಕ ಸೇರಿಸಿದರೆ ಆಯ್ತು. ಆದರೆ ಬೆಳಕೂ ಕಡಿಮೆಯಾಗುತ್ತದೆ. ಮೊದಲೇ ಬೆರಳೆಣಿಕೆಯಷ್ಟು ಫೋಟಾನ್ ಇರುವಾಗ ಅವನ್ನೂ ಕಳೆದುಕೊಂಡರೆ ಏನು ಗಳಿಸಿದಂತಾಯ್ತು? ನನಗೆ ಇದಕ್ಕಿಂತ ತುಂಬಾ ಇಷ್ಟವಾದದ್ದು ಎನ್‌ಒಎಲ್ ಅನ್ನುವ ಹೊಸ ಅಣುಗಳ ದಾರಿ. ಇಲ್ಲಿ ಎರಡೂ ಬಗೆಯ ಡೈಗಳನ್ನು ಸಿಲಿಕಾನ್ ಪರಮಾಣುಗಳ ಮೂಲಕ ಒಂದೇ ಅಣುವಿನಲ್ಲಿ ಜೋಡಿಸಿರುತ್ತಾರೆ. ಪಕ್ಕದಲ್ಲೇ ಇರೋದರಿಂದ ನಡುವೆ ಬೆಳಕು ಬಿಟ್ಟು ಹೀರುವ ಹಂತವೇ ಬೇಡ, ಶಕ್ತಿ ನೇರವಾಗಿ ದಾಟುತ್ತದೆ. ಇಂಥ ನೀಲಿ ಫೈಬರ್‌ಗಳಲ್ಲಿ ಆ 2.8 ಸುಮಾರು 1.3 ನ್ಯಾನೋಸೆಕೆಂಡಿಗೆ ಇಳಿದಿದೆ. ಅರ್ಧಕ್ಕಿಂತ ಕಡಿಮೆ!

ಹಾಗಂತ ಎಲ್ಲ ಕಡೆ ಇದನ್ನೇ ಹಾಕಬೇಕು ಅಂತಿಲ್ಲ. ಎಲ್‌ಎಚ್‌ಸಿಬಿಯಲ್ಲಿ ಬೆಳಕು 2.4 ಮೀಟರ್ ಉದ್ದದ ಫೈಬರ್‌ಗಳಲ್ಲಿ ಸಾಗಬೇಕು, ಆ ಫೈಬರ್‌ಗಳು ವಿಕಿರಣವನ್ನೂ ತಾಳಬೇಕು. ಅಲ್ಲಿ ವೇಗದಷ್ಟೇ ಪಾರದರ್ಶಕತೆಯೂ ಮುಖ್ಯ. ಸ್ವಿಟ್ಜರ್ಲೆಂಡಿನ ಮ್ಯೂ3ಇ ಪ್ರಯೋಗದಲ್ಲಿ ಫೈಬರ್ ಸುಮಾರು 30 ಸೆಂಟಿಮೀಟರ್ ಅಷ್ಟೇ, ಕೆಲಸ ಮುಖ್ಯವಾಗಿ ಸಮಯ ಅಳೆಯೋದು. ವೇಗದ ಫೈಬರಿನ ಲಾಭ ಜಾಸ್ತಿ ಸಿಗೋದು ಇಂಥ ಕಡೆ.