ಜೆರಾಕ್ಸ್ ಅಂಗಡಿಯಲ್ಲಿ ಕೂತು ಊರಿಗೆ ಏನು ಮಾಡಬಹುದು?

ಪ್ರಶ್ನೆ: ನಾನು ಗುರುಮಠಕಲ್ ತಾಲೂಕಿನವನು, ವಯಸ್ಸು 34. ಬಸ್ ಸ್ಟ್ಯಾಂಡ್ ಹತ್ತಿರ ಸಣ್ಣ ಜೆರಾಕ್ಸ್ ಅಂಗಡಿ ಇದೆ. ನನ್ನ ಇಬ್ಬರು ಮಕ್ಕಳೂ ಸರ್ಕಾರಿ ಶಾಲೆಯಲ್ಲಿ ಓದುತ್ತಾರೆ. ಮೂರು ವರ್ಷದಿಂದ ಗೆಳೆಯರೆಲ್ಲ ದುಡ್ಡು ಕೂಡಿಸಿ ಆಗಸ್ಟ್ 15ಕ್ಕೆ ಶಾಲೆ ಮಕ್ಕಳಿಗೆ ನೋಟ್‌ಬುಕ್ ಹಂಚುತ್ತೇವೆ. ಆದರೆ ದೀಪಾವಳಿ ಮುಗಿಯುತ್ತಿದ್ದಂತೆ ಎಷ್ಟೋ ಮಕ್ಕಳು ಅಪ್ಪ-ಅವ್ವನ ಜೊತೆ ಗುಳೆ ಹೋಗಿಬಿಡುತ್ತಾರೆ. ನಮ್ಮ ಕೈಯಲ್ಲಿ ಹಣ ಇಲ್ಲ, ದೊಡ್ಡವರ ಪರಿಚಯ ಇಲ್ಲ. ನಮ್ಮಂಥವರು ಸಮಾಜಕ್ಕೆ ನಿಜವಾಗಿ ಏನು ಮಾಡೋಕಾಗುತ್ತೆ?

ಉತ್ತರ: ನೋಟ್‌ಬುಕ್ ಕೊಟ್ಟ ಮಗು ಈಗ ಎಲ್ಲಿದೆ ಅಂತ ನೀವು ನೋಡಿದ್ದೀರಲ್ಲ, ಅರ್ಧ ಕೆಲಸ ಅಲ್ಲೇ ಆಯ್ತು. ಇನ್ನರ್ಧಕ್ಕೆ ಹಣ ಬೇಡ. ನಿಮ್ಮ ಅಂಗಡಿಯೇ ಸಾಕು.

ಶಹಾಪುರ ಕಡೆಯ ಒಂದು ಶಾಲೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಮಾರ್ಚ್ ಬಿಸಿಲು. ಶಾಲೆಯ ಮೆಟ್ಟಿಲ ಮೇಲೆ ಒಬ್ಬ ಅಜ್ಜಿ ಕೂತಿದ್ದಳು, ಪಕ್ಕದಲ್ಲಿ ಒಂಬತ್ತು ವರ್ಷದ ಮೊಮ್ಮಗಳು. ಅಜ್ಜಿಯ ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ರೇಷನ್ ಕಾರ್ಡು. ಅಪ್ಪ-ಅವ್ವ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಹುಡುಗಿಯನ್ನು ವಾಪಸ್ ಊರಿಗೆ ಕಳಿಸಿದ್ದರು. "ಹೆಸರ ಹೊಡದೀವಿ, ಟಿಸಿ ತಂದ್ರ ನೋಡೋಣು ಅಂತಾರ ಯಪ್ಪಾ. ಟಿಸಿ ಅಂದ್ರ ಏನು?" ಅಂತ ಕೇಳಿದಳು. ನನಗೆ ಮಾತೇ ಹೊರಡಲಿಲ್ಲ. ಆಮೇಲೆ ಎದುರಿನ ಅಂಗಡಿಯ ಹುಡುಗನೊಬ್ಬ ಐದು ಸಾಲಿನ ಅರ್ಜಿ ಬರೆದುಕೊಟ್ಟ. ಅಜ್ಜಿ ಹೆಬ್ಬೆಟ್ಟು ಒತ್ತಿದಳು. ಮರುದಿನವೇ ಹುಡುಗಿ ಕ್ಲಾಸಿನಲ್ಲಿ ಕೂತಿದ್ದಳು.

ಆ ಐದು ಸಾಲಿನಲ್ಲಿ ಇದ್ದದ್ದು ಕಾನೂನು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 6ರಿಂದ 14 ವರ್ಷದ ಮಗು ವರ್ಷದ ನಡುವೆ ಬಂದರೂ ಸರ್ಕಾರಿ ಶಾಲೆ ಸೇರಿಸಿಕೊಳ್ಳಬೇಕು. ಟಿಸಿ (ಹಿಂದಿನ ಶಾಲೆ ಕೊಡುವ ವರ್ಗಾವಣೆ ಪತ್ರ) ತಡವಾಯ್ತು, ವಯಸ್ಸಿನ ದಾಖಲೆ ಇಲ್ಲ ಅಂತ ಹೇಳಿ ವಾಪಸ್ ಕಳಿಸುವ ಹಾಗಿಲ್ಲ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. 2011ರ ಜನಗಣತಿಯಲ್ಲಿ ನಿಮ್ಮ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83ರಷ್ಟಿತ್ತು, ರಾಜ್ಯದಲ್ಲೇ ಕಡಿಮೆ. ಆ ಅಂಕಿ ಓದಿದಾಗಲೆಲ್ಲ ನನಗೆ ಇಂಥ ಮೆಟ್ಟಿಲುಗಳೇ ನೆನಪಾಗುತ್ತವೆ.

ಹಾಗಾಗಿ ಮೊದಲ ಕೆಲಸ: ನಿಮ್ಮ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಹಿಡಿಯಿರಿ. ಅದರಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಹೆಣ್ಣುಮಕ್ಕಳು ಇರಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಎಷ್ಟೋ ಕಡೆ ಸಭೆಯೇ ಆಗುವುದಿಲ್ಲ, ನಡಾವಳಿ ಪುಸ್ತಕಕ್ಕೆ ಮನೆ ಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತಾರೆ. ಇದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ನೀವು ಪಾಲಕರು, ಕೇಳುವ ಹಕ್ಕು ನಿಮಗಿದೆ. ಜಗಳ ಬೇಡ. ಹೆಡ್‌ಮಾಸ್ತರ ಹತ್ತಿರ ಹೋಗಿ "ಸರ, ಈ ಸಲ ಸಭಾ ಯಾವಾಗ್ರೀ? ನಾನೂ ಬರ್ತೀನ್ರೀ" ಅನ್ನಿ. ಪ್ರತಿ ಸಲ ಹೋಗಿ. ಹೋಗುವಾಗ ಇಬ್ಬರು ತಾಯಂದಿರನ್ನು ಕರೆದುಕೊಂಡು ಹೋಗಿ. ಬಿಸಿಯೂಟ, ಶೌಚಾಲಯದ ನೀರು ಇವುಗಳ ಬಗ್ಗೆ ಅವರು ಕೇಳುವಷ್ಟು ನೇರವಾಗಿ ಗಂಡಸರು ಕೇಳುವುದಿಲ್ಲ.

ಗುಳೆಯ ವಿಷಯಕ್ಕೆ ಬರೋಣ. ದಸರಾ ಹೊತ್ತಿಗೇ ಗೆಳೆಯರು ಕೂತು ಒಂದು ಪಟ್ಟಿ ಮಾಡಿ. ಯಾವ ಮನೆಯವರು ಹೋಗುತ್ತಾರೆ, ಯಾವ ಮಗುವನ್ನು ಅಜ್ಜಿಯ ಹತ್ತಿರ ಬಿಡಬಹುದು, ಯಾವ ಮಗುವಿಗೆ ಊರಲ್ಲಿ ಯಾರೂ ಇಲ್ಲ. ಹೀಗೆ ಹಿಂದೆ ಉಳಿಯುವ ಮಕ್ಕಳಿಗೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಋತುಮಾನದ ಹಾಸ್ಟೆಲ್ (ಗುಳೆಯ ತಿಂಗಳುಗಳಿಗೆ ಮಾತ್ರ ಇರುವ ಹಾಸ್ಟೆಲ್) ನಡೆಸಲು ಅವಕಾಶ ಇದೆ. ಪಟ್ಟಿ ಹಚ್ಚಿ ಎಸ್‌ಡಿಎಂಸಿಯಿಂದ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅರ್ಜಿ ಕೊಡಿ. "ಮಕ್ಕಳು ಶಾಲೆ ಬಿಡುತ್ತಿದ್ದಾರೆ" ಅಂತ ಸುಮ್ನೆ ಬರೆದರೆ ಕಾಗದ ಫೈಲು ಸೇರುತ್ತದೆ. ಇಪ್ಪತ್ಮೂರು ಹೆಸರು, ತರಗತಿ, ಓಣಿ ಬರೆದು ಕೊಟ್ಟರೆ ಉತ್ತರ ಕೊಡಲೇಬೇಕಾಗುತ್ತದೆ. ಕೂಡಿಸಿದ ದುಡ್ಡಿನಲ್ಲಿ ನೋಟ್‌ಬುಕ್ ಕೊಡಿ, ಬೇಡ ಅನ್ನುವುದಿಲ್ಲ. ಆದರೆ ಫ್ಲೆಕ್ಸ್ ಬೇಡ.

ಅಂಗಡಿಯಲ್ಲಿ ಒಂದು ರೂಢಿ ಮಾಡಿಕೊಳ್ಳಿ. ಯಾರೇ ಅರ್ಜಿ ತಂದರೂ ಎರಡು ಪ್ರತಿ ಮಾಡಿಕೊಟ್ಟು, "ಒಂದನ್ನ ಟಪಾಲಿಗೆ ಕೊಡ್ರಿ, ಇನ್ನೊಂದರ ಮ್ಯಾಲ ಸೀಲ್ ಹಾಕಿಸ್ಕೊಂಡು ಬರ್ರಿ" ಅಂತ ಹೇಳಿ ಕಳಿಸಿ. ಸೀಲು ಬಿದ್ದ ನಕಲು ಇಲ್ಲದೆ ಎಷ್ಟು ಜನ ಆರಾರು ತಿಂಗಳು ಅಲೆದಿದ್ದಾರೆ! ಜಾತಿ, ಆದಾಯ ಪ್ರಮಾಣಪತ್ರಕ್ಕೆ ಹೋದವರಿಗೆ ಸಕಾಲದ (ಗಡುವಿನೊಳಗೆ ಸರ್ಕಾರಿ ಸೇವೆ ಕೊಡುವ ವ್ಯವಸ್ಥೆ) 15 ಅಂಕಿಯ ನಂಬರ್ ಬರೆಸಿಕೊಂಡು ಬರಲು ಹೇಳಿ. ಮಾಹಿತಿ ಹಕ್ಕಿನ ಅರ್ಜಿಯೂ ಅಷ್ಟೇ: 10 ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದದೊಳಗೆ, 30 ದಿನದಲ್ಲಿ ಉತ್ತರ.

ಗ್ರಾಮಸಭೆಗೂ ಹೋಗಿ. ಆದರೆ ಎಲ್ಲವನ್ನೂ ಒಟ್ಟಿಗೆ ಹಚ್ಚಿಕೊಳ್ಳಬೇಡಿ. ಎರಡು ವರ್ಷ ಒಂದೇ ಶಾಲೆ, ಒಂದೇ ಪಟ್ಟಿ ಸಾಕು.

ಪ್ರಶ್ನೆ: ನಾನು ಬಸವಕಲ್ಯಾಣದ ಗೃಹಿಣಿ. ನಮ್ಮ ಓಣಿಯ ಹತ್ತನೇ ತರಗತಿ ಹುಡುಗಿಗೆ ಮನೆಯವರು ಮದುವೆ ಗೊತ್ತು ಮಾಡುತ್ತಿದ್ದಾರೆ. ತಿಳಿಸಿದರೆ ಓಣಿಯಲ್ಲಿ ವೈರ ಕಟ್ಟಿಕೊಂಡ ಹಾಗೆ. ಸುಮ್ಮನಿರಲೂ ಆಗುತ್ತಿಲ್ಲ. ಏನು ಮಾಡಲಿ?

ಉತ್ತರ: ತಂಗೀ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಇವತ್ತೇ ಮಾಡಿ. ನಿಮ್ಮ ಹೆಸರು ಹೇಳಲೇಬೇಕು ಅಂತಿಲ್ಲ. ಹುಡುಗಿಯ ಹೆಸರು, ಶಾಲೆ, ಓಣಿ, ಮದುವೆ ದಿನ ಗೊತ್ತಿದ್ದರೆ ಅದು, ಇಷ್ಟು ಹೇಳಿ. ಹಂದರ ಹಾಕಿದ ಮೇಲೆ ನಿಲ್ಲಿಸಿದರೆ ಆ ಮನೆಯವರಿಗೂ ಅವಮಾನ, ಸಾಲವೂ ಮೈಮೇಲೆ. ಮಾತುಕತೆ ನಡೆಯುತ್ತಿರುವಾಗಲೇ ಅಧಿಕಾರಿಗಳು ಬಂದು ತಿಳಿಹೇಳಿದರೆ ಎಷ್ಟೋ ಮನೆಯವರು ಕೇಳುತ್ತಾರೆ. ಕೇಳದಿದ್ದರೆ ಮ್ಯಾಜಿಸ್ಟ್ರೇಟ್ ತಡೆಯಾಜ್ಞೆ ಕೊಡಬಹುದು. ಅದನ್ನು ಮೀರಿ ನಡೆದ ಮದುವೆ ಮದುವೆಯೇ ಅಲ್ಲ ಅಂತ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಹೇಳುತ್ತದೆ. ನಮ್ಮ ಕಡೆ ಬಸವ ಜಯಂತಿ, ಅಕ್ಷಯ ತೃತೀಯದ ಹೊತ್ತಿಗೆ ಮದುವೆ ಜಾಸ್ತಿ. ಆ ದಿನಗಳ ಮುಂಚೆ ಕಣ್ಣಿಟ್ಟಿರಿ.

ಮದುವೆ ನಿಂತ ಮೇಲೆ ಆ ಮನೆಗೆ ಹೋಗುವುದನ್ನು ಮಾತ್ರ ಬಿಡಬೇಡಿ. ತಾಯಿ ಹೆದರಿರುತ್ತಾಳೆ, ಬಳಗದವರ ಮಾತು ಕೇಳಿ ಸಾಕಾಗಿರುತ್ತಾಳೆ. ಚಹಾ ಕುಡಿದು ಎರಡು ಮಾತಾಡಿ ಬನ್ನಿ. ಎಸ್‌ಎಸ್‌ಎಲ್‌ಸಿ ಪರೀಕ್ಷೆ ದಿನ ಆ ಹುಡುಗಿಯ ಜೊತೆ ಪರೀಕ್ಷಾ ಕೇಂದ್ರದ ತನಕ ನಡೆದು ಹೋಗಿ.