ಮಾರಿದ ಷೇರು ಎಲ್ಲಿಗೆ ಹೋಯಿತು?

ನಮಸ್ಕಾರ.

'ಹಣಕಾಸು ಮಾರುಕಟ್ಟೆಯ ಮೂಲಸೌಕರ್ಯ ಮತ್ತು ನಿಯಂತ್ರಣ' ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಈ ವಿಷಯ ಮಾತ್ರ ಬಿಡಬೇಡಿ. ಯಾವ ಷೇರು ಕೊಳ್ಳಬೇಕು ಅಂತ ಹೇಳುವವರು ಕನ್ನಡದಲ್ಲಿ ಬೇಕಾದಷ್ಟಿದ್ದಾರೆ. ಕೊಂಡ ಷೇರು ನಮ್ಮ ಖಾತೆಗೆ ಹೇಗೆ ಬರುತ್ತದೆ, ಬಾರದಿದ್ದರೆ ಹೊಣೆ ಯಾರದು ಅಂತ ಬರೆಯುವವರು ತೀರಾ ಕಡಿಮೆ.

ಮೊದಲ ಎರಡು ಪುಟದಲ್ಲಿ ಬರೀ ಕಾಯ್ದೆಗಳ ಹೆಸರು, ಇಸವಿ. ಮನುಷ್ಯರೇ ಕಾಣುವುದಿಲ್ಲ. ಮೂರನೇ ಪುಟದಲ್ಲಿ, ನಿಮ್ಮ ತಂದೆ ಅಂಚೆಯಲ್ಲಿ ಕಳಿಸಿದ ಷೇರು ಪತ್ರ 'ಸಹಿ ತಾಳೆಯಾಗುತ್ತಿಲ್ಲ' ಎಂದು ವಾಪಸ್ ಬಂದದ್ದನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ಅಲ್ಲಿಂದಲೇ ಶುರು ಮಾಡಿ. 1996ರಲ್ಲಿ ಡಿಪಾಸಿಟರಿ ಕಾಯ್ದೆ ಬಂದು ಎನ್‌ಎಸ್‌ಡಿಎಲ್ ಎಂಬ ಡಿಪಾಸಿಟರಿ, ಅಂದರೆ ಷೇರುಗಳನ್ನು ಕಾಗದದ ಬದಲು ಕಂಪ್ಯೂಟರ್ ಲೆಕ್ಕದಲ್ಲಿ ಇಡುವ ಸಂಸ್ಥೆ, ಹುಟ್ಟಿದ್ದು ಯಾಕೆ ಅಂತ ಆ ಲಕೋಟೆಯೇ ಹೇಳುತ್ತದೆ. ಕಳೆದುಹೋದ ಪತ್ರ, ನಕಲಿ ಪತ್ರ, ತಿಂಗಳುಗಟ್ಟಲೆ ಕಾಯುವುದು, ಇದೆಲ್ಲ ಕಾಗದವಿಲ್ಲದ ಡಿಮ್ಯಾಟ್ ಖಾತೆ ಬಂದ ಮೇಲೆ ಬೆಳೆದವರಿಗೆ ಗೊತ್ತೇ ಇಲ್ಲ.

ಲೇಖನದ ಜೀವಾಳ ಇರುವುದು ಕ್ಲಿಯರಿಂಗ್ ಕಾರ್ಪೊರೇಷನ್‌ನಲ್ಲಿ. ಅದನ್ನು ನೀವು 'ತೀರುವಳಿ ನಿಗಮ' ಎಂದು ಕರೆದು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ಬ್ರೋಕರ್ ಆಫೀಸಿನಲ್ಲಿ ಕೇಳುವ ಮಾತನ್ನೇ ಬಳಸಿ, ಅದರ ಕೆಲಸವನ್ನು ನಿಧಾನವಾಗಿ ಬಿಡಿಸಿ ಹೇಳಿ. ನಾನು ಮಾರುತ್ತೇನೆ, ನೀವು ಕೊಳ್ಳುತ್ತೀರಿ. ಇಬ್ಬರಿಗೂ ಪರಿಚಯವಿಲ್ಲ. ಕ್ಲಿಯರಿಂಗ್ ಕಾರ್ಪೊರೇಷನ್ ನಡುವೆ ನಿಂತು ಮಾರುವ ಕಡೆಗೆ ತಾನೇ ಕೊಳ್ಳುವವನಾಗುತ್ತದೆ, ಕೊಳ್ಳುವ ಕಡೆಗೆ ತಾನೇ ಮಾರುವವನಾಗುತ್ತದೆ. ನಿಮ್ಮ ಬ್ರೋಕರ್ ದುಡ್ಡು ಕಟ್ಟದೆ ಕೈಯೆತ್ತಿಬಿಟ್ಟರೂ ನನ್ನ ಕಡೆಯ ಹಣ ನಿಲ್ಲಬಾರದು, ಅಲ್ವಾ? ಅದಕ್ಕೇ ಮೊದಲೇ ಮಾರ್ಜಿನ್, ಅಂದರೆ ಭದ್ರತೆಯ ಹಣ, ಕಟ್ಟಿಸಿಕೊಳ್ಳುತ್ತಾರೆ. ಅದೂ ಸಾಲದಿದ್ದರೆ ಇಂಥ ಹೊತ್ತಿಗೆಂದೇ ಕೂಡಿಟ್ಟ ಸೆಟಲ್‌ಮೆಂಟ್ ಗ್ಯಾರಂಟಿ ಫಂಡ್ ಇದೆ. ಎಲ್ಲರ ಅಪಾಯವೂ ಒಂದೇ ಕಡೆ ಬಂದು ಸೇರುತ್ತದೆ. ಆ ಒಂದು ಜಾಗ ಕುಸಿದರೆ ಇಡೀ ಪೇಟೆ ಕುಸಿಯುತ್ತದೆ. ಇದು ಓದುಗರಿಗೆ ತಲುಪಿದರೆ ನಿಯಂತ್ರಣ ಯಾಕೆ ಬೇಕು ಅಂತ ನೀವು ಬೇರೆ ಹೇಳಬೇಕಾಗಿಲ್ಲ.

ಎರಡು ತಪ್ಪು ತಿದ್ದಲೇಬೇಕು. 'ಎಲ್ಲವೂ ಸೆಬಿ ಕೈಯಲ್ಲಿದೆ', ಅಂದರೆ ಷೇರುಪೇಟೆಯ ನಿಯಂತ್ರಕ ಸಂಸ್ಥೆಯ ಕೈಯಲ್ಲಿದೆ, ಅಂದಿದ್ದೀರಿ. ಷೇರುಪೇಟೆ, ಅದರ ಕ್ಲಿಯರಿಂಗ್ ಕಾರ್ಪೊರೇಷನ್, ಡಿಪಾಸಿಟರಿ ಸೆಬಿಗೆ ಸೇರಿದ್ದು ನಿಜ. ಆದರೆ ಸರ್ಕಾರಿ ಬಾಂಡ್ ಮತ್ತು ವಿದೇಶಿ ವಿನಿಮಯದ ವಹಿವಾಟು ತೀರಿಸುವ ಸಿಸಿಐಎಲ್ ಇದೆಯಲ್ಲ, 2002ರಿಂದ ಕೆಲಸ ಮಾಡುತ್ತಿರುವುದು, ಅದರ ಮೇಲ್ವಿಚಾರಣೆ ರಿಸರ್ವ್ ಬ್ಯಾಂಕಿನದು.

ಇನ್ನೊಂದು, 2021ರ ಫೆಬ್ರವರಿ 24. ಅವತ್ತು ಬೆಳಿಗ್ಗೆ 11.40ಕ್ಕೆ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ಎನ್‌ಎಸ್‌ಇಯಲ್ಲಿ ವಹಿವಾಟು ನಿಂತದ್ದಕ್ಕೆ 'ಕಂಪ್ಯೂಟರ್ ಕೆಟ್ಟಿತ್ತು' ಅಂತ ಕಾರಣ ಕೊಟ್ಟಿದ್ದೀರಿ. ಅಷ್ಟು ಸಾಲದು. ಅವತ್ತು ಕ್ಲಿಯರಿಂಗ್ ಕಾರ್ಪೊರೇಷನ್ನಿನ ಅಪಾಯ ಅಳೆಯುವ ವ್ಯವಸ್ಥೆಯೇ ಕೈಕೊಟ್ಟಿತ್ತು. ಯಾರ ಮಾರ್ಜಿನ್ ಎಷ್ಟಿದೆ ಅಂತ ಕಾಣದೆ ವಹಿವಾಟು ಬಿಡುವ ಹಾಗಿರಲಿಲ್ಲ. ಮತ್ತೆ ಶುರುವಾಗಿದ್ದು ಮಧ್ಯಾಹ್ನ 3.45ಕ್ಕೆ. ಆ ನಾಲ್ಕು ಗಂಟೆಯ ಬಗ್ಗೆ ಒಂದು ಪೂರ್ತಿ ಪುಟ ಬರೆಯಿರಿ, ಜಾಗ ನಾನು ಕೊಡುತ್ತೇನೆ.

ಆ ಜಾಗಕ್ಕಾಗಿ ಇಂಥ ಸಂಸ್ಥೆಗಳಿಗಾಗಿ 2012ರಲ್ಲಿ ಬಂದ ಅಂತರರಾಷ್ಟ್ರೀಯ ಮಾನದಂಡದ 24 ತತ್ವಗಳ ಪಟ್ಟಿಯನ್ನು ತೆಗೆದುಬಿಡಿ. ಸುಮ್ನೆ ಭಾರ. ಸೆಟಲ್‌ಮೆಂಟ್, ಅಂದರೆ ವಹಿವಾಟಾದ ಮೇಲೆ ಹಣ ಮತ್ತು ಷೇರು ಕೈಸೇರುವುದು, 2023ರ ಜನವರಿಯಲ್ಲಿ ಪೂರ್ತಿಯಾಗಿ ಒಂದು ದಿನಕ್ಕೆ ಇಳಿದದ್ದನ್ನು ಹೊಗಳಿದ್ದೀರಿ, ಸರಿ. ಕಾಯುವ ದಿನ ಕಡಿಮೆಯಾದಷ್ಟೂ ನಡುವೆ ಯಾರಾದರೂ ಮುಳುಗುವ ಭಯ ಕಡಿಮೆ. ಅದನ್ನೂ ಒಂದು ಮಾತು ಸೇರಿಸಿ.

ತಿದ್ದಿ ಕಳಿಸಿ, ಖಂಡಿತ ಓದುತ್ತೇನೆ. ಆ ಲಕೋಟೆ ತಂದೆಯವರ ಹತ್ತಿರ ಇನ್ನೂ ಇದ್ದರೆ ಅದರದೊಂದು ಫೋಟೊ ಜೊತೆಗಿರಲಿ. ಹೆಸರು, ಫೋಲಿಯೊ ನಂಬರ್ ಮುಚ್ಚಿ ತೆಗೆಯಿರಿ.